ಕೂತಲ್ಲೇ ವೆನಿಸ್: ಒಂದನೇ ನಂಬರಿನ ದೋಣಿಯಲ್ಲಿ

ವೆನಿಸ್ ಎಂದ ಕೂಡಲೇ ಕಣ್ಣಿಗೆ ಕಟ್ಟುವುದೇನು ಎಂದು ಈ ಮಾತು ಕೇಳಲು ಇಲ್ಲಿ ಕೂತವರನ್ನು ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ: ಕರಿ ಗೊಂಡೊಲಾ, ಪಟ್ಟೆ ಅಂಗಿಯ ಅಂಬಿಗ, ಹಿಂದೊಂದು ಕಮಾನು ಸೇತುವೆ. ಕ್ಯಾಲೆಂಡರಿನಲ್ಲಿ, ಸಿನಿಮಾ ಹಾಡಿನಲ್ಲಿ, ಮೊಬೈಲಿನಲ್ಲಿ ಆ ಚಿತ್ರವನ್ನು ಸಾವಿರ ಸಲ ನೋಡಿರುತ್ತೀರಿ. ಆದರೂ ವೆನಿಸ್ ರೈಲು ನಿಲ್ದಾಣದಿಂದ ಹೊರಬಂದವರು ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದರೆ ಹೇಳಲಾರಿರಿ. ಚಿತ್ರ ನೋಡಿದ್ದೇವೆ, ದಾರಿ ಹಿಡಿದಿಲ್ಲ. ಮನೆಯಲ್ಲೇ ಕೂತು ದೂರದ ಊರು ಸುತ್ತಬೇಕಾದರೆ ಒಂದು ದಾರಿ ಹಿಡಿದು ಮೊದಲಿಂದ ಕೊನೆತನಕ ಹೋಗಬೇಕು. ಒಂದೇ ಸಂಜೆಯಲ್ಲಿ ಏಳು ದೇಶ ಮುಗಿಸುವ ವಿಡಿಯೊಗಳು ಈ ಕೆಲಸಕ್ಕೆ ಬರುವುದಿಲ್ಲ.

ಬೇಕಾದದ್ದು ಕಡಿಮೆ. ಲ್ಯಾಪ್‌ಟಾಪ್ ಅಥವಾ ಟಿವಿಯಷ್ಟು ದೊಡ್ಡ ಪರದೆ, ಗೂಗಲ್ ಮ್ಯಾಪ್, ಒಂದು ಬಿಳಿ ಹಾಳೆ, ಪೆನ್ಸಿಲ್, ಅಡ್ಡಿ ಇಲ್ಲದ ಒಂದೂವರೆ ಗಂಟೆ. ಮೊಬೈಲ್ ಬೇಡ, ಏಕೆಂದರೆ ನಕ್ಷೆಯನ್ನೂ ವಿಡಿಯೊವನ್ನೂ ಅಕ್ಕಪಕ್ಕ ಇಟ್ಟುಕೊಳ್ಳಬೇಕು. ವೆನಿಸ್ಸನ್ನೇ ಆರಿಸಿದ್ದಕ್ಕೆ ಕಾರಣವಿದೆ. ಊರು ಚಿಕ್ಕದು, ಈ ತುದಿಯಿಂದ ಆ ತುದಿಗೆ ನಡೆದರೆ ಒಂದು ಗಂಟೆ, ಸ್ವಲ್ಪ ಹೆಚ್ಚು. ಒಳಗೆ ಕಾರಿಲ್ಲ, ಬೈಕಿಲ್ಲ, ಸೈಕಲ್ ಸಹ ಇಲ್ಲ. ಹಾಗಾಗಿ 2013ರಲ್ಲಿ ಗೂಗಲ್‌ನವರು ಕ್ಯಾಮೆರಾವನ್ನು ಬೆನ್ನಿಗೆ ಕಟ್ಟಿಕೊಂಡು ಗಲ್ಲಿಗಳನ್ನು ನಡೆದರು, ದೋಣಿಯಲ್ಲಿಟ್ಟು ಕಾಲುವೆಗಳನ್ನೂ ಸುತ್ತಿದರು. ನೀರಿನ ಮೇಲೂ ಸ್ಟ್ರೀಟ್ ವ್ಯೂ, ಅಂದರೆ ಅಲ್ಲೇ ನಿಂತು ಸುತ್ತ ನೋಡಿದಂಥ ಗೂಗಲ್ ಚಿತ್ರ, ಸಿಗುವ ಊರುಗಳು ಬಹಳ ಇಲ್ಲ.

ಮೊದಲು ಉಪಗ್ರಹ ನೋಟಕ್ಕೆ ಹೋಗಿ, ಇಡೀ ಊರು ಕಾಣುವಷ್ಟು ಮೇಲೇರಿ. ಪಶ್ಚಿಮಕ್ಕೆ ತಲೆ, ಪೂರ್ವಕ್ಕೆ ಬಾಲ ಇರುವ ಒಂದು ಮೀನು ಕಾಣುತ್ತದೆ. ಮೀನಿನ ಬಾಯಿಗೆ ಗಾಳದ ದಾರ ಸಿಕ್ಕಂತೆ ಇರುವುದು ಇಟಲಿಯ ಮುಖ್ಯ ನೆಲದಿಂದ ಬರುವ ಸೇತುವೆ. ರೈಲು ಸೇತುವೆ 1846ರದ್ದು, ಅದರ ಪಕ್ಕದ ರಸ್ತೆ 1933ರದ್ದು. ಅದಕ್ಕೆ ಮೊದಲು ಈ ಊರಿಗೆ ಬರುವವರೆಲ್ಲ ದೋಣಿಯಲ್ಲೇ ಬರಬೇಕಿತ್ತು. ಮೀನಿನ ಹೊಟ್ಟೆಯೊಳಗೆ ತಿರುಗಿಸಿಟ್ಟ ಇಂಗ್ಲಿಷ್ ಎಸ್ ಅಕ್ಷರದ ಹಾಗೆ ಹರಿದಿರುವುದು ಗ್ರ್ಯಾಂಡ್ ಕೆನಾಲ್, ಉದ್ದ ಸುಮಾರು 3.8 ಕಿ.ಮೀ. ಈ ಎಸ್ ಅನ್ನು ಈಗಲೇ ಹಾಳೆಯ ಮೇಲೆ ಕೈಯಲ್ಲಿ ಬರೆದುಕೊಳ್ಳಿ. ವಕ್ರವಾದರೂ ಚಿಂತೆಯಿಲ್ಲ. ಅದರ ಮೇಲೆ ನಾಲ್ಕು ಅಡ್ಡಗೆರೆ ಎಳೆಯಿರಿ, ಅವು ಸೇತುವೆಗಳು. ಪಶ್ಚಿಮದಿಂದ ಹೊರಟರೆ ಮೊದಲನೆಯದು 2008ರ ಕೊಸ್ತಿತುತ್ಸಿಯೊನೆ, ಎರಡನೆಯದು ನಿಲ್ದಾಣದ ಹತ್ತಿರದ ಸ್ಕಾಲ್ಸಿ, ಮೂರನೆಯದು ರಿಯಾಲ್ತೊ, ಕೊನೆಯದು ಮರದ ಅಕಾದೆಮಿಯಾ. ಇಷ್ಟುದ್ದದ ಕಾಲುವೆಗೆ ನಾಲ್ಕೇ ಸೇತುವೆ ಎನ್ನುವುದನ್ನು ನೆನಪಿಡಿ. ಎದುರು ದಡದಲ್ಲಿ ಕಾಣುತ್ತಿರುವ ಮನೆಗೆ ಹೋಗಲು ಅರ್ಧ ಗಂಟೆ ಸುತ್ತಬೇಕಾಗುವುದು ಇದೇ ಕಾರಣಕ್ಕೆ.

ನಕ್ಷೆಯನ್ನು ಮುಚ್ಚುವ ಮೊದಲು ಮೀನಿನ ಬೆನ್ನಿನ ಮೇಲ್ಗಡೆ, ಅಂದರೆ ಉತ್ತರಕ್ಕೆ, ಗೋಡೆ ಕಟ್ಟಿದ ಒಂದು ಚಚ್ಚೌಕ ದ್ವೀಪ ನೋಡಿ. ಹೆಸರು ಸಾನ್ ಮಿಕೇಲೆ. 19ನೇ ಶತಮಾನದಿಂದ ಅದು ಊರಿನ ಸ್ಮಶಾನ, ಅದಕ್ಕೂ ಮೊದಲು ಕ್ರೈಸ್ತ ಸನ್ಯಾಸಿಗಳ ಮಠವಿದ್ದ ಜಾಗ. 1450ರ ಸುಮಾರಿಗೆ ಅಲ್ಲಿ ಫ್ರಾ ಮೌರೊ ಎಂಬ ಸನ್ಯಾಸಿ ಇಡೀ ಜಗತ್ತಿನ ನಕ್ಷೆಯೊಂದನ್ನು ಬರೆಸಿದ. ಅಡ್ಡಳತೆ ಸುಮಾರು ಎರಡು ಮೀಟರ್, ದಕ್ಷಿಣ ದಿಕ್ಕು ಮೇಲೆ. ತಾನು ಕಾಣದ ದೇಶಗಳನ್ನು ಕಂಡುಬಂದವರ ಬಾಯಿಮಾತಿನಿಂದ ತುಂಬಿಸಿದ. ಹಾಗೆ ಕಂಡುಬಂದವರಲ್ಲಿ ನಿಕೊಲೊ ದೆ ಕೊಂತಿಯೂ ಒಬ್ಬನೆಂದು ವಿದ್ವಾಂಸರು ಹೇಳುತ್ತಾರೆ. ಈ ಹೆಸರು ನಮ್ಮಲ್ಲಿ ಹಲವರಿಗೆ ಶಾಲೆಯ ಇತಿಹಾಸ ಪಾಠದಿಂದ ಗೊತ್ತು. 1420ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ವೆನಿಸ್ಸಿನ ವ್ಯಾಪಾರಿ ಅವನೇ. ಊರಿಗೆ ಮರಳಿದ ಮೇಲೆ ಅವನು ಹೇಳಿದ್ದನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟವನು ಇಟಲಿಯ ವಿದ್ವಾಂಸ ಪೊಜ್ಜೊ ಬ್ರಾಚೊಲಿನಿ. ವಿಜಯನಗರದ ಸುತ್ತಳತೆ 60 ಮೈಲಿ, ಕೋಟೆಗೋಡೆ ಬೆಟ್ಟಗಳನ್ನು ಹತ್ತಿ ಕಣಿವೆಗಳನ್ನು ಒಳಗೆ ಸೇರಿಸಿಕೊಂಡಿದೆ ಎಂಬ ವರ್ಣನೆ ಅಲ್ಲಿದೆ. ಹಂಪಿ ನೋಡಿದವರಿಗೆ ಆ ಗೋಡೆಯ ಮಾತು ಎಷ್ಟು ಸರಿ ಎಂದು ಗೊತ್ತು. ಪೊಜ್ಜೊ ಇಟಲಿಯಲ್ಲೇ ಕೂತು ಬರೆದದ್ದು! ಫ್ರಾ ಮೌರೊನ ನಕ್ಷೆ ಈಗ ವೆನಿಸ್ಸಿನ ಮಾರ್ಚಿಯಾನ ಗ್ರಂಥಾಲಯದಲ್ಲಿದೆ. ಫ್ಲಾರೆನ್ಸಿನ ಗೆಲಿಲಿಯೊ ವಸ್ತುಸಂಗ್ರಹಾಲಯದ ಜಾಲತಾಣದಲ್ಲಿ ಅದನ್ನು ಹಿಗ್ಗಿಸಿ ಓದಬಹುದು. ಅದಕ್ಕೆ ಬೇರೆ ಸಂಜೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಇವತ್ತು ದೋಣಿ ತಪ್ಪುತ್ತದೆ.

ದೋಣಿ ಎಂದರೆ ವಾಪೊರೆತ್ತೊ, ನೀರಿನ ಮೇಲಿನ ಸಿಟಿ ಬಸ್ಸು. ಒಂದನೇ ನಂಬರಿನದು ಗ್ರ್ಯಾಂಡ್ ಕೆನಾಲಿನ ಉದ್ದಕ್ಕೂ ಎಲ್ಲ ಕಡೆ ನಿಲ್ಲುತ್ತದೆ. ಎರಡನೇ ನಂಬರಿನದು ಬೇಗ ಹೋಗುತ್ತದೆ, ನಮಗೆ ಅದು ಬೇಡ. ಈ ಪ್ರಯಾಣವನ್ನು ಕತ್ತರಿಸದೆ ಚಿತ್ರೀಕರಿಸಿದ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಆರಿಸುವಾಗ ಮೂರು ವಿಷಯ ನೋಡಿ. ಮುಕ್ಕಾಲು ಗಂಟೆಗೆ ಹತ್ತಿರವಿರಬೇಕು, ಏಕೆಂದರೆ ಪಶ್ಚಿಮ ತುದಿಯ ಬಸ್ ನಿಲ್ದಾಣದಿಂದ ಊರಿನ ಮುಖ್ಯ ಚೌಕವಾದ ಸಾನ್ ಮಾರ್ಕೊವರೆಗೆ ನಿಜವಾಗಿಯೂ ಅಷ್ಟು ಹೊತ್ತು ಹಿಡಿಯುತ್ತದೆ. ಹತ್ತು ನಿಮಿಷದ್ದಾದರೆ ವೇಗ ಹೆಚ್ಚಿಸಿದ್ದಾರೆ ಅಥವಾ ಕತ್ತರಿಸಿದ್ದಾರೆ, ಎರಡರಲ್ಲೂ ದಿಕ್ಕು ತಪ್ಪುತ್ತದೆ. ಹಿನ್ನೆಲೆ ಸಂಗೀತ ಇರಬಾರದು. ಕ್ಯಾಮೆರಾ ದೋಣಿಯ ಮುಂಭಾಗದಲ್ಲಿರಬೇಕು. ಪಕ್ಕದಲ್ಲಿಟ್ಟರೆ ಒಂದೇ ದಡ ಕಾಣುತ್ತದೆ.

ಈಗ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ನಿಲ್ಲೋಣ. ಎದುರಿಗೆ ನೀರು, ನೀರಿನಾಚೆ ಹಸಿರು ಗುಮ್ಮಟದ ಚರ್ಚು. ಎಡಗಡೆ ಸ್ಕಾಲ್ಸಿ ಸೇತುವೆ. ನಾವು ಹೋಗಬೇಕಾದ್ದು ಎಡಕ್ಕೆ. ವಿಡಿಯೊ ಓಡಿಸಿ, ಪ್ರತಿ ನಿಲುಗಡೆಯನ್ನೂ ಹಾಳೆಯ ಮೇಲಿನ ಎಸ್‌ಗೆ ಗುರುತು ಹಾಕುತ್ತ ಹೋಗಿ: ಫೆರೊವಿಯ, ರಿವ ದೆ ಬಿಯಾಸಿಯೊ, ಸಾನ್ ಮಾರ್ಕುವೊಲ, ಸಾನ್ ಸ್ತಾಯೆ, ಕಾ ದೊರೊ, ರಿಯಾಲ್ತೊ ಮೆರ್ಕಾತೊ, ರಿಯಾಲ್ತೊ. ಹೆಸರು ಹಳದಿ ಪಟ್ಟಿಯ ತೇಲುವ ಕಟ್ಟೆಯ ಮೇಲೆಯೇ ಬರೆದಿರುತ್ತದೆ. ಹೆಸರು ತಪ್ಪಿಹೋದರೆ ವಿಡಿಯೊ ನಿಲ್ಲಿಸಿ ಹಿಂದಕ್ಕೆ ಹೋಗಿ. ಇಲ್ಲಿ ಸೋಮಾರಿತನ ಮಾಡಿದರೆ ಮುಂದಿನದೆಲ್ಲ ಬರೀ ಚಂದದ ಮನೆಗಳ ಮೆರವಣಿಗೆಯಾಗುತ್ತದೆ.

ಆ ಮನೆಗಳನ್ನು ಹೇಗೆ ನೋಡಬೇಕು? ಬಲದಂಡೆಯ ಫೊಂದಕೊ ದೇಯ್ ತುರ್ಕಿ, ಎಡದಂಡೆಯ ಕಾ ದೊರೊ, ಯಾವುದಾದರೂ ಸರಿ, ಅಲ್ಲಿ ನಿಲ್ಲಿಸಿ ಕೆಳಗಿನಿಂದ ಮೇಲಕ್ಕೆ ಓದಿ. ನೀರಿನ ಮಟ್ಟದಲ್ಲಿ ಅಗಲವಾದ ಬಾಗಿಲು ಅಥವಾ ಕಮಾನುಸಾಲು ಇದೆ. ಸರಕು ಇಳಿಯುತ್ತಿದ್ದದ್ದು ಅಲ್ಲಿ, ಕೆಳಮನೆ ಎಂದರೆ ಉಗ್ರಾಣ. ಅದರ ಮೇಲಿನ ಅಂತಸ್ತು ಮನೆಯವರು ಬಾಳುತ್ತಿದ್ದ ಜಾಗ. ಅಲ್ಲಿ ಕಿಟಕಿಗಳು ಸಮನಾಗಿ ಹಂಚಿಕೊಂಡಿರುವುದಿಲ್ಲ, ನಡುವೆ ಗುಂಪಾಗಿವೆ, ಎರಡು ಪಕ್ಕದಲ್ಲಿ ಬಿಡಿಬಿಡಿ. ಆ ಗುಂಪಿನ ಹಿಂದೆ ಮನೆಯ ಮುಂದಿನಿಂದ ಹಿಂದಿನವರೆಗೆ ಚಾಚಿದ ಒಂದೇ ಉದ್ದದ ಪಡಸಾಲೆ ಇದೆ. ಭಾರ ಹೊರುವುದು ಕಾಲುವೆಗೆ ಲಂಬವಾಗಿರುವ ಗೋಡೆಗಳು, ಆದ್ದರಿಂದ ಮುಂಗೋಡೆಯನ್ನು ಕಿಟಕಿಗಳಿಗೆ ಬಿಟ್ಟುಕೊಡಲು ಸಾಧ್ಯವಾಯಿತು. ಕೆಸರಿನಲ್ಲಿ ಹೊಡೆದ ಮರದ ಗೂಟಗಳ ಮೇಲೆ ನಿಂತ ಊರಿದು, ಗೋಡೆ ಹಗುರವಾದಷ್ಟೂ ಒಳ್ಳೆಯದು. ಗೂಟ ಕೊಳೆಯುವುದಿಲ್ಲವೇ ಎಂದು ಕೇಳುತ್ತೀರಿ. ಕೆಸರಿನಡಿ ಆಮ್ಲಜನಕ ಇಲ್ಲದಂತೆಯೇ, ಹಾಗಾಗಿ ಶತಮಾನಗಟ್ಟಲೆ ನಿಂತಿವೆ. ಗೂಟದ ಮೇಲೆ ಇಸ್ತ್ರಿಯಾ ಎಂಬ ಸೀಮೆಯ ಬಿಳಿ ಕಲ್ಲು, ಅದರ ಮೇಲೆ ಇಟ್ಟಿಗೆ. ಆ ಕಲ್ಲು ನೀರು ಹೀರುವುದಿಲ್ಲ. ಸಮುದ್ರ ಏರಿ ಈಗ ನೀರು ಹಲವೆಡೆ ಕಲ್ಲನ್ನು ದಾಟಿ ಇಟ್ಟಿಗೆಗೆ ತಾಗುತ್ತಿದೆ, ಇಟ್ಟಿಗೆ ಉಪ್ಪುನೀರು ಹೀರಿ ಪುಡಿಯಾಗುತ್ತದೆ. ಗಾರೆ ಉದುರಿದ ಗೋಡೆಗಳನ್ನು ವಿಡಿಯೊದಲ್ಲಿ ನೋಡಿ ‘ಪಾಪ, ಸುಣ್ಣ ಬಳಿದಿಲ್ಲ’ ಎನ್ನಬೇಡಿ.

ರಿಯಾಲ್ತೊ ಸೇತುವೆ 1591ರಲ್ಲಿ ಮುಗಿದ ಒಂದೇ ಕಮಾನಿನ ಕಲ್ಲುಕಟ್ಟಡ, ಅಂತರ ಸುಮಾರು 28 ಮೀಟರ್. ಅದನ್ನು ದಾಟಿದೊಡನೆ ಎರಡೂ ದಡಗಳಲ್ಲಿ ಜನ ನೀರಿನ ಪಕ್ಕದಲ್ಲೇ ನಡೆಯುತ್ತಿರುವುದು ಕಾಣುತ್ತದೆ. ಗ್ರ್ಯಾಂಡ್ ಕೆನಾಲಿನಲ್ಲಿ ಇಂಥ ಜಾಗ ಕೆಲವೇ. ಉಳಿದಂತೆ ಅರಮನೆಗಳ ಕಾಲು ನೇರ ನೀರಿನಲ್ಲಿದೆ, ದಡವೆಂಬುದೇ ಇಲ್ಲ. ಗಲ್ಲಿಯಲ್ಲಿ ನಡೆಯುವವರಿಗೆ ಕಾಣುವುದು ಆ ಮನೆಗಳ ಹಿತ್ತಿಲು. ಸ್ಟ್ರೀಟ್ ವ್ಯೂನಲ್ಲಿ ಗಲ್ಲಿಗಳಿಗೆ ಮಾತ್ರ ಹೋಗಿ ‘ಇಷ್ಟೇನಾ ವೆನಿಸ್?’ ಎಂದು ಬೇಸರಗೊಳ್ಳುವವರು ಮುಂಬಾಗಿಲನ್ನೇ ನೋಡಿರುವುದಿಲ್ಲ.

ಮುಂದೆ ಬಲಕ್ಕೆ ಕಾ ಫೊಸ್ಕರಿ ಇರುವ ದೊಡ್ಡ ತಿರುವು, ಆಮೇಲೆ ಅಕಾದೆಮಿಯಾ. ಸ್ವಲ್ಪ ಮುಂದೆ ಬಲದಂಡೆಯಲ್ಲಿ ಒಂದೇ ಅಂತಸ್ತಿನ ಕುಳ್ಳ ಬಿಳಿ ಅರಮನೆ. ಕಟ್ಟುವುದು ಅರ್ಧಕ್ಕೇ ನಿಂತ ಅದರಲ್ಲೀಗ ಗುಗೆನ್‌ಹೈಮ್ ಕಲಾಸಂಗ್ರಹವಿದೆ. ಕೊನೆಗೆ ಸಲೂತೆ ಚರ್ಚಿನ ಗುಮ್ಮಟ, ಅದು 1630ರ ಪ್ಲೇಗಿನ ಹರಕೆ. ಅಲ್ಲಿಗೆ ಕಾಲುವೆ ಮುಗಿದು ಬಯಲುನೀರು ತೆರೆದುಕೊಳ್ಳುತ್ತದೆ. ಎಡಕ್ಕೆ ಸಾನ್ ಮಾರ್ಕೊದ 98.6 ಮೀಟರ್ ಎತ್ತರದ ಗಂಟೆಗೋಪುರ. ಅದು 1902ರ ಜುಲೈ 14ರಂದು ಕುಸಿದು ಬಿದ್ದಿತ್ತು. ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಕಟ್ಟಿ 1912ರಲ್ಲಿ ತೆರೆದರು.

ದೋಣಿ ಇಳಿದಾಯಿತು, ಇನ್ನು ಕಾಲ್ನಡಿಗೆ. ಸ್ಟ್ರೀಟ್ ವ್ಯೂನ ಹಳದಿ ಗೊಂಬೆಯನ್ನು ಎತ್ತಿಕೊಂಡರೆ ಹೋಗಬಹುದಾದ ದಾರಿಗಳು ನೀಲಿ ಗೆರೆಯಾಗಿ ಮೂಡುತ್ತವೆ. ಗೊಂಬೆಯನ್ನು ಗೆರೆಯ ಮೇಲೆಯೇ ಬಿಡಿ. ಬಿಡಿಯಾದ ನೀಲಿ ಚುಕ್ಕೆಯ ಮೇಲೆ ಬಿಟ್ಟರೆ ಯಾರೋ ಪ್ರವಾಸಿ ಹಾಕಿದ ಒಂಟಿ ಚಿತ್ರಕ್ಕೋ ಹೋಟೆಲಿನ ಒಳಕ್ಕೋ ಬೀಳುತ್ತೀರಿ, ಮುಂದೆ ಹೋಗಲು ಬಾಣ ಇರುವುದಿಲ್ಲ. ಪರದೆಯ ಮೂಲೆಯಲ್ಲಿ ಚಿತ್ರ ತೆಗೆದ ತಿಂಗಳು, ವರ್ಷ ಇರುತ್ತದೆ, ಅದನ್ನು ನೋಡದೆ ಅಂಗಡಿ, ಹೋಟೆಲುಗಳನ್ನು ನಂಬಬೇಡಿ. ಇನ್ನೊಂದು ಮೋಸ ಅಗಲದ್ದು. ಸುತ್ತಲೂ ನೋಡುವ ಕ್ಯಾಮೆರಾ ಹತ್ತಿರದ ಗೋಡೆಗಳನ್ನು ದೂರ ತಳ್ಳುತ್ತದೆ, ಇಬ್ಬರು ಎದುರುಬದುರಾದರೆ ಒಬ್ಬರು ಮಗ್ಗುಲಾಗಬೇಕಾದ ಗಲ್ಲಿ ಅಲ್ಲಿ ಬೀದಿಯ ಹಾಗೆ ಕಾಣುತ್ತದೆ. ಅಳತೆಗೆ ಒಂದು ಬಾಗಿಲನ್ನು ಹಿಡಿದುಕೊಳ್ಳಿ: ಗಲ್ಲಿಯಲ್ಲಿ ಎಷ್ಟು ಬಾಗಿಲು ಅಡ್ಡಲಾಗಿ ಹಿಡಿಸುತ್ತವೆ?

ಗೋಡೆಗಳ ಮೇಲೆ ಸುಣ್ಣದ ಬಿಳಿ ಚೌಕ, ಅದಕ್ಕೆ ಕಪ್ಪು ಅಂಚು, ಒಳಗೆ ಕಪ್ಪು ಅಕ್ಷರ: ಬೀದಿಯ ಹೆಸರು ಇರುವುದು ಅಲ್ಲಿ. ಐದಾರು ಪದ ಗೊತ್ತಿದ್ದರೆ ಅರ್ಧ ನಕ್ಷೆ ಓದಿದಂತೆ. ಕಾಲ್ಲೆ ಎಂದರೆ ಗಲ್ಲಿ, ಕಾಂಪೊ ಎಂದರೆ ಬಯಲು, ರಿಯೊ ಎಂದರೆ ಸಣ್ಣ ಕಾಲುವೆ, ಫೊಂದಮೆಂತ ಎಂದರೆ ಕಾಲುವೆ ಪಕ್ಕದ ದಾರಿ, ಸೊತೊಪೊರ್ತೆಗೊ ಎಂದರೆ ಮನೆಯಡಿ ಹಾಯುವ ದಾರಿ. ರಿಯೊ ತೆರಾ ಎಂದಿದ್ದರೆ ಅದು ಮುಚ್ಚಿಹಾಕಿದ ಕಾಲುವೆ, ಗಲ್ಲಿ ಇದ್ದಕ್ಕಿದ್ದಂತೆ ಅಗಲವಾಗಿರುವುದು ಅದಕ್ಕೇ. ವಿಳಾಸದ ವಿಷಯದಲ್ಲಿ ಮಾತ್ರ ಎಚ್ಚರ. ಊರು ಆರು ಭಾಗವಾಗಿದೆ, ಮನೆ ನಂಬರು ಬೀದಿಗಲ್ಲ, ಇಡೀ ಭಾಗಕ್ಕೆ. ಕಾಸ್ತೆಲ್ಲೊ ಎಂಬ ಭಾಗದಲ್ಲಿ ನಂಬರು ಆರು ಸಾವಿರ ದಾಟುತ್ತದೆ. ಒಂದೇ ಹೆಸರಿನ ಗಲ್ಲಿಗಳೂ ಹಲವು. ‘ಕಾಲ್ಲೆ ದೆಲ್ ಫೊರ್ನೊ’ ಎಂದು ಹುಡುಕಿದರೆ ಫೊರ್ನೊ, ಅಂದರೆ ರೊಟ್ಟಿಯ ಒಲೆ, ಇದ್ದ ಪ್ರತಿ ಕೇರಿಯೂ ಸಿಗುತ್ತದೆ. ಭಾಗದ ಹೆಸರು ಸೇರಿಸದೆ ಹುಡುಕಬೇಡಿ.

ಯಾವುದಾದರೊಂದು ಕಾಂಪೊಗೆ ಹೋಗಿ ನಿಲ್ಲಿ. ಅಕಾದೆಮಿಯಾದಿಂದ ದೂರವಲ್ಲದ ಕಾಂಪೊ ಸಾನ್ ತ್ರೊವಾಸೊ ಆಗಬಹುದು. ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ, ಅದಕ್ಕೆ ಲೋಹದ ಮುಚ್ಚಳ. ಉಪ್ಪುನೀರಿನ ನಡುವೆ ಬಾವಿ ತೋಡಿದರೆ ಸಿಹಿನೀರು ಬರುತ್ತದೆಯೇ? ಬರುವುದಿಲ್ಲ. ಇದು ಬಾವಿಯೇ ಅಲ್ಲ, ಮಳೆನೀರು ಕೊಯ್ಲಿನ ತೊಟ್ಟಿ. ನೆಲವನ್ನು ಕೆಲವು ಮೀಟರ್ ಅಗೆದು, ಸುತ್ತ ಜೇಡಿಮಣ್ಣು ಮೆತ್ತಿ ಉಪ್ಪುನೀರು ಒಳನುಗ್ಗದಂತೆ ಮಾಡುತ್ತಿದ್ದರು. ನಡುವೆ ಇಟ್ಟಿಗೆಯ ಕೊಳವೆ, ಉಳಿದ ಜಾಗಕ್ಕೆಲ್ಲ ಮರಳು. ಬಯಲಿನ ಮೇಲೆ ಬಿದ್ದ ಮಳೆ ತೂತು ಕೊರೆದ ಬಿಳಿಕಲ್ಲುಗಳ ಮೂಲಕ ಕೆಳಗಿಳಿದು, ಮರಳಿನಲ್ಲಿ ಸೋಸಿ, ಕೊಳವೆಗೆ ಸೇರುತ್ತಿತ್ತು. ಬಾವಿಕಟ್ಟೆಯ ಸುತ್ತ ನೆಲ ನೋಡಿ, ಸಾಮಾನ್ಯವಾಗಿ ನಾಲ್ಕು ಅಂಥ ಕಲ್ಲುಗಳಿರುತ್ತವೆ, ನೆಲ ಅವುಗಳ ಕಡೆಗೆ ತುಸು ಇಳಿಜಾರು. ಸಾನ್ ತ್ರೊವಾಸೊದಲ್ಲಿ ಬಾವಿಯ ಸುತ್ತಲ ಜಾಗವನ್ನೇ ಎತ್ತರಿಸಿದ್ದಾರೆ. ಉಬ್ಬರದ ನೀರು ಒಮ್ಮೆ ತೂತಿಗೆ ಇಳಿದರೆ ಇಡೀ ಕೇರಿಯ ಕುಡಿಯುವ ನೀರು ಕೆಟ್ಟಂತೆ. 1884ರಲ್ಲಿ ಮುಖ್ಯ ನೆಲದಿಂದ ಕೊಳಾಯಿ ನೀರು ಬಂದಮೇಲೆ ಮುಚ್ಚಳ ಬಿತ್ತು. ಪ್ರವಾಸಿಗಳು ಬ್ಯಾಗು ಇಟ್ಟು ಫೋಟೊ ತೆಗೆಸಿಕೊಳ್ಳುವ ಆ ಕಟ್ಟೆ ಊರನ್ನು ಶತಮಾನಗಳ ಕಾಲ ಬದುಕಿಸಿದ ಯಂತ್ರ. ನನ್ನ ಮಟ್ಟಿಗೆ ಇದು ಸಾನ್ ಮಾರ್ಕೊ ಚರ್ಚಿನ ಚಿನ್ನದ ಚಿತ್ರಗಳಿಗಿಂತ ದೊಡ್ಡ ವಿಸ್ಮಯ.

ಉಬ್ಬರದ ಮಾತು ಬಂತು. ನೀರಿನ ಮಟ್ಟವನ್ನು ಊರಿನ ಉಬ್ಬರ ಮುನ್ಸೂಚನಾ ಕೇಂದ್ರ ದಿನವಿಡೀ ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ. ಅಲ್ಲಿ 80 ಸೆಂ.ಮೀ. ಎಂದಿದ್ದರೆ ಬೀದಿಯಲ್ಲಿ ಸೊಂಟದ ಮಟ್ಟ ನೀರು ಎಂದುಕೊಳ್ಳಬೇಡಿ. ಅದು 1897ರ ಸಮುದ್ರಮಟ್ಟವನ್ನು ಸೊನ್ನೆಯಾಗಿಟ್ಟು ಅಳೆದ ಎತ್ತರ. 80ಕ್ಕೆ ಸಾನ್ ಮಾರ್ಕೊ ಚೌಕ ಒದ್ದೆಯಾಗತೊಡಗುತ್ತದೆ, 110ಕ್ಕೆ ಊರಿನ ಸುಮಾರು ಶೇ. 12ರಷ್ಟು ನೆಲಕ್ಕೆ ನೀರು. 1966ರ ನವೆಂಬರ್ 4ರಂದು 194 ಸೆಂ.ಮೀ. ಏರಿದ್ದು ದಾಖಲೆ, 2019ರ ನವೆಂಬರ್ 12ರ ರಾತ್ರಿ 187. ಶರತ್ಕಾಲದಲ್ಲಿ ಆಗ್ನೇಯದಿಂದ ಬೀಸುವ ಸಿರೊಕ್ಕೊ ಗಾಳಿ ಏಡ್ರಿಯಾಟಿಕ್ ಸಮುದ್ರದ ನೀರನ್ನು ಉತ್ತರದ ಮೂಲೆಗೆ ಒತ್ತುತ್ತದೆ. ಅದೇ ಹೊತ್ತಿಗೆ ದೊಡ್ಡ ಉಬ್ಬರ ಸೇರಿದರೆ ಅನಾಹುತ. ಇದಕ್ಕೆಂದೇ ಊರಿನ ಸುತ್ತಲ ಹಿನ್ನೀರು ಸಮುದ್ರಕ್ಕೆ ತೆರೆದುಕೊಳ್ಳುವ ಮೂರು ಬಾಯಿಗಳಲ್ಲಿ 78 ಉಕ್ಕಿನ ಬಾಗಿಲುಗಳನ್ನು ಹಾಕಿದ್ದಾರೆ. ಯೋಜನೆಯ ಹೆಸರು ಮೋಸೆ. ಒಳಗೆ ಟೊಳ್ಳಾದ ಬಾಗಿಲುಗಳು ನೀರು ತುಂಬಿಕೊಂಡು ತಳದಲ್ಲಿ ಮಲಗಿರುತ್ತವೆ, ಒಳಕ್ಕೆ ಗಾಳಿ ತುಂಬಿದರೆ ನೀರು ಹೊರಹೋಗಿ ತಾವೇ ಮೇಲೇಳುತ್ತವೆ. ಉಬ್ಬರ ತಡೆಯಲು ಮೊದಲ ಬಾರಿ ಎತ್ತಿದ್ದು 2020ರ ಅಕ್ಟೋಬರ್ 3ರಂದು. 110ರ ಮುನ್ಸೂಚನೆ ಇದ್ದರೆ ಎತ್ತುವುದು ವಾಡಿಕೆ. ಹಾಗಾಗಿ ತೀರ ತಗ್ಗಿನ ಸಾನ್ ಮಾರ್ಕೊ ಅದಕ್ಕೂ ಮೊದಲೇ ಒದ್ದೆಯಾಗಬಹುದು.

ವಿಡಿಯೊ ನೋಡುವಾಗ ನೀರು ಏರಿದೆಯೋ ಇಳಿದಿದೆಯೋ ಎಂದು ತಿಳಿಯಲು ಅಂಕಿಯೂ ಬೇಡ. ಕಾಲುವೆಯ ಗೋಡೆಗಳ ಮೇಲೆ ಹಸಿರುಕಂದು ಪಾಚಿಯ ಪಟ್ಟಿ ಇರುತ್ತದೆ. ಪಟ್ಟಿ ಅಗಲವಾಗಿ ಕಂಡರೆ ಇಳಿತ, ಮುಳುಗಿದ್ದರೆ ಉಬ್ಬರ. ಈ ಪಾಚಿಗೆ ಇನ್ನೊಂದು ಉಪಯೋಗವೂ ಆಗಿದೆ. 18ನೇ ಶತಮಾನದಲ್ಲಿ ಕನಾಲೆತ್ತೊ ಮತ್ತು ಅವನ ಸೋದರಳಿಯ ಬೆಲ್ಲೊತ್ತೊ ಬರೆದ ವೆನಿಸ್ ಚಿತ್ರಗಳು ಬಹಳ ನಿಖರ, ಪಾಚಿಯ ಗೆರೆಯನ್ನೂ ಬಿಟ್ಟಿಲ್ಲ. ದಾರಿಯೊ ಕಮುಫ್ಫೊ ಎಂಬ ವಿಜ್ಞಾನಿ ಚಿತ್ರದಲ್ಲಿನ ಗೆರೆಯನ್ನೂ ಅದೇ ಕಟ್ಟಡದ ಈಗಿನ ಗೆರೆಯನ್ನೂ ಹೋಲಿಸಿ, ನೀರು 60 ಸೆಂ.ಮೀ.ಗೂ ಮೇಲೆ ಏರಿದೆ ಎಂದು ಲೆಕ್ಕ ಹಾಕಿದರು. ಕನಾಲೆತ್ತೊನ ಚಿತ್ರಗಳ ದೊಡ್ಡ ಸಂಗ್ರಹ ಬ್ರಿಟನ್ನಿನ ರಾಜಮನೆತನದ ಬಳಿ ಇದೆ, ಅವರ ಜಾಲತಾಣದಲ್ಲಿ ಹಿಗ್ಗಿಸಿ ನೋಡಬಹುದು. ಒಂದು ಕಿಟಕಿಯಲ್ಲಿ ಚಿತ್ರ, ಇನ್ನೊಂದರಲ್ಲಿ ಕಾಲುವೆಯ ಸ್ಟ್ರೀಟ್ ವ್ಯೂ ಇಡಿ. ನೀರಿಗಿಳಿಯುವ ಮೆಟ್ಟಿಲುಗಳನ್ನು ಎರಡರಲ್ಲೂ ಎಣಿಸಿ.

ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ 1500ರಲ್ಲಿ ಯಾಕೊಪೊ ದೆ ಬಾರ್ಬರಿ ಮಾಡಿದ, ಆರು ಹಾಳೆಯ ಮರದಚ್ಚಿನ ನೋಟವಿದೆ. ಹಕ್ಕಿ ನೋಡಿದಂತೆ ಇಡೀ ಊರು. ಅಂಥ ಎತ್ತರದ ಗುಡ್ಡವಾಗಲೀ ಗೋಪುರವಾಗಲೀ ದಕ್ಷಿಣದ ನೀರಿನಲ್ಲಿ ಇಲ್ಲ. ಬಿಡಿಬಿಡಿಯಾಗಿ ಅಳೆದದ್ದನ್ನು ಜೋಡಿಸಿ ಮಾಡಿದ ನೋಟವದು. ಅದರಲ್ಲಿ ರಿಯಾಲ್ತೊ ಇನ್ನೂ ಮರದ ಸೇತುವೆ, ನಡುವೆ ಎತ್ತುವ ಹಲಗೆ. ಗಂಟೆಗೋಪುರ ಸಿಡಿಲಿಗೆ ತುದಿ ಕಳೆದುಕೊಂಡು ಚಪ್ಪಟೆಯಾಗಿದೆ. ಆದರೆ ಗಲ್ಲಿಗಳ ಜಾಲ ಇಂದಿನ ಉಪಗ್ರಹ ಚಿತ್ರಕ್ಕೆ ಬಹುಪಾಲು ಹೊಂದುತ್ತದೆ. 500 ವರ್ಷದ ಹಳೆಯ ನಕ್ಷೆ ಹಿಡಿದು ದಾರಿ ಹುಡುಕಬಹುದಾದ ಊರು ಅದು.

ನೇರಪ್ರಸಾರದ ಕ್ಯಾಮೆರಾಗಳಿಗೆ ಹೊತ್ತು ಮುಖ್ಯ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆವರೆಗೆ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಬೇಸಿಗೆಯಲ್ಲಿ ನಮ್ಮ ಹನ್ನೊಂದರ ಹೊತ್ತಿಗೆ ರಿಯಾಲ್ತೊ ಕ್ಯಾಮೆರಾ ತೆರೆದರೆ ಅಲ್ಲಿ ಏಳೂವರೆ. ತರಕಾರಿ ದೋಣಿ, ಕಸದ ದೋಣಿ, ಪಾರ್ಸೆಲ್ ದೋಣಿ, ಎಲ್ಲವೂ ಆಗ ಸಿಗುತ್ತವೆ. ಭಾನುವಾರ, ಸೋಮವಾರ ಮೀನುಮಾರುಕಟ್ಟೆ ಇಲ್ಲ. ಸಂಜೆ ಆರಕ್ಕೆ ತೆರೆದವರಿಗೆ ಅಲ್ಲಿನ ಮಟಮಟ ಮಧ್ಯಾಹ್ನ, ಬರೀ ಪ್ರವಾಸಿಗಳ ತಲೆ.

ಗೊಂಡೊಲಾ ಬಗ್ಗೆ ಹೇಳಲೇ ಇಲ್ಲ ಎಂದು ಮುಂದಿನ ಸಾಲಿನಿಂದ ಆಕ್ಷೇಪಣೆ. ಸರಿ, ಅದೂ ಆಗಲಿ. ಸುಮಾರು 11 ಮೀಟರ್ ಉದ್ದದ ಈ ದೋಣಿ ಹುಟ್ಟಾ ಸೊಟ್ಟ, ಎಡಭಾಗ ಬಲಕ್ಕಿಂತ 24 ಸೆಂ.ಮೀ. ಅಗಲ. ಅಂಬಿಗ ಹಿಂದೆ ಎಡಗಡೆ ನಿಂತು ಒಂದೇ ಹುಟ್ಟನ್ನು ಬಲಗಡೆ ಹಾಕುತ್ತಾನೆ. ದೋಣಿ ನೆಟ್ಟಗಿದ್ದಿದ್ದರೆ ಪ್ರತಿ ಎಳೆತಕ್ಕೂ ಎಡಕ್ಕೆ ತಿರುಗುತ್ತಿತ್ತು. ಎದುರಿನಿಂದ ಬರುವ ಗೊಂಡೊಲಾ ಸಿಕ್ಕಾಗ ವಿಡಿಯೊ ನಿಲ್ಲಿಸಿ, ಅದು ಒಂದು ಪಕ್ಕಕ್ಕೆ ವಾಲಿರುವುದು ಕಾಣುತ್ತದೆ. 2023ರ ನವೆಂಬರಿನಿಂದ ನಿಗದಿಯಾದ ದರ ಹಗಲು ಅರ್ಧ ಗಂಟೆಗೆ 90 ಯೂರೊ, ಸಂಜೆ ಏಳರ ಮೇಲೆ 110. ಇದು ದೋಣಿಗೆ, ತಲೆಗಲ್ಲ. ಸೇತುವೆ ಇಲ್ಲದ ಕಡೆ ದಡದಿಂದ ದಡಕ್ಕೆ ದಾಟಿಸುವ ತ್ರಗೆತ್ತೊ ಗೊಂಡೊಲಾಗಳಿಗೆ ಒಂದೆರಡು ಯೂರೊ ಸಾಕು.

ಮುಂದೆಂದಾದರೂ ನಿಜಕ್ಕೂ ಹೋಗುವವರಿಗೆ ಈ ಕುರ್ಚಿ ಪ್ರಯಾಣದಿಂದ ಆಗುವ ದೊಡ್ಡ ಲಾಭ ವಸತಿಯದು. ಹೋಟೆಲಿನವರು ‘ವಾಪೊರೆತ್ತೊ ನಿಲುಗಡೆಯಿಂದ ಐದೇ ನಿಮಿಷ’ ಎನ್ನುತ್ತಾರೆ. ಸ್ಟ್ರೀಟ್ ವ್ಯೂನಲ್ಲಿ ಆ ಐದು ನಿಮಿಷವನ್ನು ನಡೆದು ನೋಡಿ, ಸೇತುವೆಗಳನ್ನು ಎಣಿಸಿ. ಹೆಚ್ಚುಕಡಿಮೆ ಪ್ರತಿ ಸೇತುವೆಯೂ ಮೆಟ್ಟಿಲು ಹತ್ತಿ ಇಳಿಯುವಂಥದ್ದು, ಸೂಟ್‌ಕೇಸಿನ ಚಕ್ರ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರು ಸೇತುವೆಯೇ ಇಲ್ಲದ, ಹೆಚ್ಚೆಂದರೆ ಒಂದಿರುವ ಜಾಗ ಹುಡುಕಿ. ಅದು ನಿಲುಗಡೆಯ ದಡದಲ್ಲೇ ಇದೆಯೇ ಎಂದು ಹಾಳೆಯ ಮೇಲಿನ ಎಸ್ ನೋಡಿದರೆ ಗೊತ್ತಾಗುತ್ತದೆ. ವಾಪೊರೆತ್ತೊದ 75 ನಿಮಿಷದ ಟಿಕೆಟ್ಟಿಗೆ 9.50 ಯೂರೊ, ಹತ್ತುವ ಮೊದಲು ಯಂತ್ರಕ್ಕೆ ತಾಗಿಸಬೇಕು. ಬೆಳಿಗ್ಗೆ ಬಂದು ಸಂಜೆ ಹೋಗುವವರು ಜನಜಂಗುಳಿಯ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕವನ್ನೂ ಕಟ್ಟಬೇಕು, ಈ ಪದ್ಧತಿ 2024ರ ಏಪ್ರಿಲ್ 25ರಿಂದ ಶುರುವಾಗಿದೆ. ಊರಿನಲ್ಲೇ ರಾತ್ರಿ ತಂಗುವವರಿಗೆ ಅದು ಇಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು. ದಿನಗಳ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ, ಟಿಕೆಟ್ ಕೊಳ್ಳುವ ಮೊದಲು ನಗರಸಭೆಯ ಜಾಲತಾಣದಲ್ಲಿ ನೋಡಿಕೊಳ್ಳಿ.